ನಿಲ್ಲೋಕೆ ಬೇಕಾದ ಜಾಗ

ಆಫೀಸಿನಲ್ಲಿ ಯಾರಾದರೂ ಕಾರು ತಗೊಳ್ಳುವ ಮಾತೆತ್ತಿದರೆ ಈಗ ಮೊದಲು ಬರುವ ಪ್ರಶ್ನೆ ‘ಮೈಲೇಜ್ ಎಷ್ಟು’ ಅಲ್ಲ, ‘ಎಷ್ಟು ಸ್ಟಾರ್’. ಹತ್ತು ವರ್ಷದ ಹಿಂದೆ ಹೀಗಿರಲಿಲ್ಲ. ಏರ್‌ಬ್ಯಾಗ್ ಇಲ್ಲದ ಮಾಡೆಲ್ ತಗೊಂಡು, ಉಳಿದ ದುಡ್ಡಲ್ಲಿ ಮ್ಯೂಸಿಕ್ ಸಿಸ್ಟಮ್ ಹಾಕಿಸಿಕೊಂಡವರನ್ನು ನಾನೇ ನೋಡಿದ್ದೇನೆ. 2023ರ ಅಕ್ಟೋಬರಿನಿಂದ ಭಾರತ್ ಎನ್‌ಕ್ಯಾಪ್ ಅಂತ ನಮ್ಮದೇ ಪರೀಕ್ಷೆ ಬಂದಿದೆ. ಕಾರನ್ನು ಗಂಟೆಗೆ 64 ಕಿ.ಮೀ. ವೇಗದಲ್ಲಿ ತಡೆಗೋಡೆಗೆ ಗುದ್ದಿಸಿ, ಒಳಗೆ ಕೂರಿಸಿದ ಗೊಂಬೆಯ ತಲೆ, ಎದೆ, ಕಾಲಿಗೆ ಏನಾಯಿತು ಅಂತ ಅಳೆದು ನಕ್ಷತ್ರ ಕೊಡುತ್ತಾರೆ. ಜನ ಅದನ್ನು ನೋಡಿ ಕಾರು ಆರಿಸುತ್ತಿದ್ದಾರೆ. ಒಳ್ಳೆಯದೇ.

ನನ್ನ ತಕರಾರು ಬೇರೆ. ನಾನು ಬೆಳೆದದ್ದು ಈ ಕಾರುಗಳು ಹಾದುಹೋಗುವ ರಸ್ತೆಯ ಬದಿಯಲ್ಲಿ, ಹೊನ್ನಾವರ-ಕುಮಟಾ ನಡುವಿನ ಒಂದು ಊರಿನಲ್ಲಿ. ಲಾಂಗ್ ವೀಕೆಂಡ್ ಬಂದರೆ ನೀವೆಲ್ಲ ಮುರ್ಡೇಶ್ವರ, ಗೋಕರ್ಣ ಅಂತ ಓಡಾಡುವ ರಸ್ತೆ ಅದು. ಊರಿನ ಹಳಬರಿಗೆ ಅದು ಇನ್ನೂ ಎನ್‌ಎಚ್ 17, ಬೋರ್ಡಿನ ಮೇಲೆ 66. ಹಾಗಾಗಿ ಸ್ಟಾರ್ ಮಾತು ಬಂದಾಗಲೆಲ್ಲ ನನ್ನ ತಲೆಗೆ ಬರುವ ಪ್ರಶ್ನೆ ಒಂದೇ. ಕಾರಿನ ಒಳಗಿರುವವರ ಸುರಕ್ಷತೆಗೆ ನಾವು ದುಡ್ಡು ಕೊಡುತ್ತೇವೆ. ಹೊರಗಿರುವವರದ್ದಕ್ಕೆ ಯಾರು ಕೊಡಬೇಕು?

ಊರಲ್ಲಿ ಇದಕ್ಕೆ ರೆಡಿ ಉತ್ತರ ಇದೆ. ಯಾರೋ ಒಬ್ಬರು ರಸ್ತೆಯಲ್ಲಿ ಸತ್ತರು ಅಂದ ದಿನ ಜಗಲಿ ಮೇಲೆ ಕೂತು ಯಾರಾದರೂ ಹೇಳಿಯೇ ಹೇಳುತ್ತಾರೆ: “ಹಣೇಲಿ ಬರ್ದದ್ದು ತಪ್ಸೂಕಾತದ್ಯಾ ತಮ್ಮಾ?” ಓದಿದವರ ಬಾಯಲ್ಲಿ ಇದೇ ಮಾತು ‘ವಿಧಿಯಾಟ’ ಆಗುತ್ತದೆ. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ಶಂಕರ್ ನಾಗ್ ಇದ್ದ ಕಾರು ಲಾರಿಗೆ ಡಿಕ್ಕಿಯಾಯಿತು. ಹೊನ್ನಾವರದಲ್ಲಿ ಹುಟ್ಟಿದ ಹುಡುಗ, ತೀರಿಕೊಂಡಾಗ ಮೂವತ್ತೈದು ವರ್ಷ. ನಾನೀಗ ಇರುವ ವಯಸ್ಸು. ಇವತ್ತಿಗೂ ನಮ್ಮ ಕಡೆ ಅವರ ಮಾತು ಬಂದರೆ ಕೊನೆಗೆ ‘ವಿಧಿ’ ಅನ್ನುವಲ್ಲಿಗೇ ನಿಲ್ಲುತ್ತದೆ. ಆ ಹೊತ್ತಿಗೆ ವೋಲ್ವೋ ಕಂಪನಿಯ ನಿಲ್ಸ್ ಬೋಲಿನ್ ಮೂರು ಬಿಂದುವಿನ ಸೀಟ್ ಬೆಲ್ಟ್ ಮಾಡಿ 31 ವರ್ಷ ಆಗಿತ್ತು. ನಮ್ಮಲ್ಲಿ ಮುಂದಿನ ಸೀಟಿಗೆ ಬೆಲ್ಟ್ ಇರಲೇಬೇಕು ಅನ್ನುವ ಕಾನೂನು ಬಂದದ್ದು ಅದರ ನಂತರ. ಬೆಲ್ಟ್ ಇದ್ದಿದ್ದರೆ ಹೀಗಾಗುತ್ತಿತ್ತು ಹಾಗಾಗುತ್ತಿತ್ತು ಅಂತ ನಾನು ಹೇಳುತ್ತಿಲ್ಲ, ಹೇಳಲೂ ಬಾರದು. ನಾವು ಯಾವುದಕ್ಕೆ ವಿಧಿ ಅನ್ನುತ್ತಿದ್ದೆವೋ ಅದನ್ನು ಇನ್ನೊಂದು ಕಡೆ ಜನ ಸ್ಕೇಲು ಹಿಡಿದು ಅಳೆಯುತ್ತಿದ್ದರು ಅನ್ನೋದಷ್ಟೇ ನನ್ನ ಮಾತು.

ಅಳೆಯೋಕೆ ಶುರು ಮಾಡಿದವರಲ್ಲಿ ಹ್ಯೂ ಡಿಹೇವನ್ ಅಂತ ಒಬ್ಬ ಅಮೆರಿಕದವನು. 1917ರಲ್ಲಿ ಕೆನಡಾದಲ್ಲಿ ಪೈಲಟ್ ತರಬೇತಿಯಲ್ಲಿದ್ದಾಗ ಎರಡು ವಿಮಾನ ಆಕಾಶದಲ್ಲೇ ಡಿಕ್ಕಿಯಾಗಿ ಬಿತ್ತು. ಹೊಟ್ಟೆಯೊಳಗೆ ಪೆಟ್ಟಾದರೂ ಇವನು ಬದುಕಿದ. ಎಲ್ಲರೂ ಅದೃಷ್ಟ ಅಂದರು. ಇವನಿಗೆ ಆ ಉತ್ತರ ಸಮಾಧಾನ ಕೊಡಲಿಲ್ಲ. ತನ್ನ ಹೊಟ್ಟೆಗೆ ಪೆಟ್ಟಾದದ್ದು ತಾನೇ ಕಟ್ಟಿಕೊಂಡಿದ್ದ ಬೆಲ್ಟಿನ ಬಕಲ್‌ನಿಂದ ಅಂತ ಅವನಿಗೆ ಅನ್ನಿಸಿತು. ಮುಂದೆ 1942ರಲ್ಲಿ, 50ರಿಂದ 150 ಅಡಿ ಎತ್ತರದಿಂದ ಬಿದ್ದೂ ಬದುಕಿದವರ ಬಗ್ಗೆ ಒಂದು ಪ್ರಬಂಧ ಬರೆದ. ಅವನಿಗೆ ಕಂಡದ್ದು ಇಷ್ಟು: ಬೀಳುವುದು ಮನುಷ್ಯನನ್ನು ಕೊಲ್ಲುವುದಿಲ್ಲ, ನಿಲ್ಲುವುದು ಕೊಲ್ಲುತ್ತದೆ. ಎಷ್ಟು ಜಾಗದಲ್ಲಿ ನಿಂತೆ, ಆ ಹೊಡೆತ ಮೈಯ ಎಷ್ಟು ಭಾಗದ ಮೇಲೆ ಹಂಚಿಹೋಯಿತು ಅನ್ನುವುದೇ ಲೆಕ್ಕ. ಉತ್ತ ಮಣ್ಣಿನ ಮೇಲೆ ಅಂಗಾತ ಬಿದ್ದವಳಿಗೆ ಸಿಕ್ಕ ಕೆಲವು ಇಂಚು ಜಾಗವೇ ಅವಳ ‘ಅದೃಷ್ಟ’.

ಇದನ್ನು ನಮ್ಮೂರಿನ ಲೆಕ್ಕದಲ್ಲಿ ಹೇಳುತ್ತೇನೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋಗಿ ಗುದ್ದುವುದು ಅಂದರೆ ಸುಮಾರು 14 ಮೀಟರ್ ಎತ್ತರದಿಂದ ಬಿದ್ದ ಹಾಗೆ. ಒಂದು ಫಸಲು ಬಿಡುವ ತೆಂಗಿನಮರ. ನೂರರ ವೇಗ ಅಂದರೆ 39 ಮೀಟರ್, ಹೆಚ್ಚುಕಮ್ಮಿ ಮೂರು ತೆಂಗಿನಮರ ಒಂದರ ಮೇಲೊಂದು. ಮಳೆಗಾಲದಲ್ಲಿ ಅಡಿಕೆ ಮರ ಹತ್ತುವ ಕೊನೆಗೌಡ ಪ್ರತಿ ಸಲ ಕಾಲಿಗೆ ಬಳೆ ಹಾಕುವಾಗ ಒಂದು ಕ್ಷಣ ಮೇಲೆ ನೋಡುತ್ತಾನೆ. ಎತ್ತರ ಕಣ್ಣಿಗೆ ಕಾಣುತ್ತದೆ, ಹೆದರಿಕೆ ತಾನಾಗಿ ಬರುತ್ತದೆ. ವೇಗ ಹಾಗೆ ಕಾಣುವುದಿಲ್ಲ. ಎಸಿ ಹಾಕಿದ ಕಾರಿನಲ್ಲಿ ಕೂತು ಹಾಡು ಕೇಳುತ್ತಾ ಮೂರು ತೆಂಗಿನಮರದ ತುದಿಯಲ್ಲಿ ಇದ್ದೇವೆ ಅಂತ ಯಾರಿಗೂ ಅನ್ನಿಸುವುದಿಲ್ಲ.

ಕಾರಿನ ಒಳಗಿನವರಿಗೆ ನಿಲ್ಲೋಕೆ ಸಿಗುವ ಜಾಗ ಎಷ್ಟು? ಬಾನೆಟ್ ಕುಗ್ಗುವ ಅರ್ಧ ಮೀಟರು, ಜೊತೆಗೆ ಬೆಲ್ಟ್, ಏರ್‌ಬ್ಯಾಗ್ ಸೇರಿ ಇನ್ನೊಂದಿಷ್ಟು ಇಂಚು. 50ರ ವೇಗದಿಂದ ಅರವತ್ತು ಸೆಂಟಿಮೀಟರಿನಲ್ಲಿ ನಿಂತರೆ ಮೈಮೇಲೆ ಗುರುತ್ವದ ಸುಮಾರು 16 ಪಟ್ಟು ಹೊಡೆತ. ಅದೇ ವೇಗದಿಂದ ಐದು ಸೆಂಟಿಮೀಟರಿನಲ್ಲಿ ನಿಂತರೆ ಸುಮಾರು 200 ಪಟ್ಟು. ಮೊದಲನೆಯದು ಬೆಲ್ಟ್ ಕಟ್ಟಿದವನು ಪಕ್ಕೆಲುಬು ನೋಯಿಸಿಕೊಂಡು ಮನೆಗೆ ಹೋಗುವ ಲೆಕ್ಕ. ಎರಡನೆಯದು ಬೆಲ್ಟ್ ಇಲ್ಲದವನ ತಲೆ ಡ್ಯಾಶ್‌ಬೋರ್ಡಿಗೆ ಬಡಿಯುವ ಲೆಕ್ಕ. ‘ಹಳೇ ಅಂಬಾಸಿಡರ್ ಗಟ್ಟಿ, ಈಗಿನ ಕಾರು ತಗಡು, ಮುಟ್ಟಿದರೆ ಮುದ್ದೆ’ ಅನ್ನುವ ಮಾವಂದಿರು ಎಲ್ಲರ ಮನೆಯಲ್ಲೂ ಇದ್ದಾರೆ. ಕಾರು ಮುದ್ದೆಯಾಗಲಿ ಅಂತಲೇ ಅದನ್ನು ಹಾಗೆ ಮಾಡಿದ್ದು. ಕಾರು ಮುದ್ದೆಯಾಗದಿದ್ದರೆ ನೀವು ಆಗುತ್ತೀರಿ. ಹೆಲ್ಮೆಟ್ ಕೂಡ ಇಷ್ಟೇ. ಕೆಲಸ ಮಾಡುವುದು ಹೊಳೆಯುವ ಚಿಪ್ಪಲ್ಲ, ಒಳಗಿನ ಥರ್ಮಾಕೋಲು. ಅದು ಪುಡಿಯಾಗುವಾಗ ತಲೆಗೆ ಎರಡು ಮೂರು ಸೆಂಟಿಮೀಟರ್ ಕೊಡುತ್ತದೆ. ಪೊಲೀಸರಿಗೆ ತೋರಿಸೋಕೆ ಅಂತ ಕೊಳ್ಳುವ ಹಾಫ್ ಹೆಲ್ಮೆಟ್ಟಿನೊಳಗೆ ಹೆಚ್ಚಾಗಿ ಒಂದು ಸ್ಪಂಜಿನ ಹಾಳೆ ಇರುತ್ತದೆ, ಅಷ್ಟೇ. ಸರಿಯಾದ ಹೆಲ್ಮೆಟ್ ಸಾವಿನ ಸಾಧ್ಯತೆಯನ್ನು ನೂರಕ್ಕೆ 42ರಷ್ಟು, ತಲೆಪೆಟ್ಟನ್ನು 69ರಷ್ಟು ಕಮ್ಮಿ ಮಾಡುತ್ತದೆ ಅಂತ ಹತ್ತಾರು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದ ಕಾಕ್ರೇನ್ ವರದಿ ಹೇಳುತ್ತದೆ.

ಈ ಲೆಕ್ಕಗಳು ನಮಗೆ ಸುಮ್ಮನೆ ಸಿಕ್ಕಿದ್ದಲ್ಲ. ಮನುಷ್ಯನ ಮೈ ಎಷ್ಟು ತಡೆಯುತ್ತದೆ ಅಂತ ತಿಳಿಯೋಕೆ ಯಾರಾದರೂ ಮೈ ಕೊಡಲೇಬೇಕಿತ್ತು. 1954ರ ಡಿಸೆಂಬರ್ 10ರಂದು ಅಮೆರಿಕದ ವಾಯುಪಡೆಯ ಡಾಕ್ಟರ್ ಜಾನ್ ಪಾಲ್ ಸ್ಟ್ಯಾಪ್ ತನ್ನನ್ನೇ ರಾಕೆಟ್ ಗಾಡಿಗೆ ಕಟ್ಟಿಸಿಕೊಂಡು ಗಂಟೆಗೆ ಸಾವಿರ ಕಿ.ಮೀ. ದಾಟಿದ ವೇಗದಿಂದ 1.4 ಸೆಕೆಂಡಿನಲ್ಲಿ ನಿಂತ. 46 ಪಟ್ಟು ಹೊಡೆತ. ಕಣ್ಣಿಗೆ ರಕ್ತ ನುಗ್ಗಿ ಸ್ವಲ್ಪ ಹೊತ್ತು ಏನೂ ಕಾಣಲಿಲ್ಲ, ಆದರೆ ಬದುಕಿದ. ಡೆಟ್ರಾಯಿಟ್‌ನ ವೇಯ್ನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಲಾರೆನ್ಸ್ ಪ್ಯಾಟ್ರಿಕ್ ಅನ್ನುವ ಪ್ರೊಫೆಸರ್ ಇಂಥದ್ದೇ ಪರೀಕ್ಷಾ ಗಾಡಿಯ ಮೇಲೆ ನೂರಾರು ಸಲ ಕೂತ. ಜೀವಂತ ಮನುಷ್ಯರ ಮೇಲೆ ಮಾಡಲಾಗದ್ದನ್ನು ಅದೇ ವಿಶ್ವವಿದ್ಯಾಲಯದಲ್ಲಿ ದಾನವಾಗಿ ಬಂದ ಶವಗಳ ಮೇಲೆ ಮಾಡಿದರು, ಲಿಫ್ಟಿನ ಗುಂಡಿಯಲ್ಲಿ ಬೀಳಿಸಿ ಕೂಡ. ತಲೆಬುರುಡೆ ಎಷ್ಟು ಹೊಡೆತಕ್ಕೆ ಒಡೆಯುತ್ತದೆ ಅನ್ನುವ ಗೆರೆ ಹುಟ್ಟಿದ್ದು ಹೀಗೆ. ನಿಮ್ಮ ಕಾರಿನ ನಕ್ಷತ್ರದ ಹಿಂದೆ ಇರುವ ಗಣಿತಕ್ಕೆ ಆ ಗೆರೆಯೇ ಬುನಾದಿ. ಶವಗಳಿಂದ ಕಲಿತ ಪಾಠದಿಂದ ಕಾರುಗಳಲ್ಲಿ ಆದ ಬದಲಾವಣೆಗಳು 1987ರಿಂದ ವರ್ಷಕ್ಕೆ 8,500 ಜೀವ ಉಳಿಸಿವೆ ಅಂತ ಅಲ್ಲಿನ ಆಲ್ಬರ್ಟ್ ಕಿಂಗ್ 1995ರಲ್ಲಿ ಲೆಕ್ಕ ಹಾಕಿದರು.

ಸತ್ತವರ ಮೈಯನ್ನು ಹೀಗೆ ಬಳಸಬಹುದಾ ಅನ್ನೋದು ತೂಕದ ಪ್ರಶ್ನೆಯೇ. ನನಗೆ ಅದಕ್ಕಿಂತ ಕಾಡುವುದು, ಆ ಮೈ ಯಾರ ಪರವಾಗಿ ಬಳಕೆಯಾಯಿತು ಅನ್ನೋದು. ಪರೀಕ್ಷೆಗೆ ಅತಿ ಹೆಚ್ಚು ಬಳಕೆಯಾದ ಹೈಬ್ರಿಡ್ 3 ಗೊಂಬೆ ತಯಾರಾದದ್ದು 1976ರಲ್ಲಿ. 175 ಸೆಂ.ಮೀ. ಎತ್ತರ, ಸುಮಾರು 78 ಕೆ.ಜಿ. ತೂಕದ ಅಮೆರಿಕದ ಗಂಡಸು. ಹೆಂಗಸಿನ ಗೊಂಬೆ ಅಂತ ಬಂದದ್ದು ಬಹುಪಾಲು ಇದನ್ನೇ ಕುಗ್ಗಿಸಿದ ಆವೃತ್ತಿ. ಬೆಲ್ಟ್ ಕಟ್ಟಿದ್ದರೂ ಇಂಥದ್ದೇ ಡಿಕ್ಕಿಯಲ್ಲಿ ಹೆಂಗಸರಿಗೆ ಗಂಭೀರ ಪೆಟ್ಟಾಗುವ ಸಂಭವ 47 ಶೇಕಡಾ ಜಾಸ್ತಿ ಅಂತ ವರ್ಜೀನಿಯಾ ವಿಶ್ವವಿದ್ಯಾಲಯದವರು 2011ರಲ್ಲಿ ತೋರಿಸಿದರು. ಸರಾಸರಿ ಹೆಂಗಸಿನ ಮೈಕಟ್ಟಿನ ಗೊಂಬೆಯನ್ನು ಸ್ವೀಡನ್ನಿನ ಆಸ್ಟ್ರಿಡ್ ಲಿಂಡರ್ ತಂಡ ಜಗತ್ತಿಗೆ ತೋರಿಸಿದ್ದು 2022ರಲ್ಲಿ! ಅಂದರೆ ಕಾರಿನ ಒಳಗೇ ಅರ್ಧ ಜನ ಲೆಕ್ಕದಿಂದ ಹೊರಗಿದ್ದರು. ಇನ್ನು ಕಾರಿನ ಹೊರಗಿನವರ ಕಥೆ ಕೇಳಬೇಕಾ?

ಒಂದು ಸಣ್ಣ ಗಣಿತ. 1,800 ಕೆ.ಜಿ.ಯ ಎಸ್‌ಯುವಿ, 900 ಕೆ.ಜಿ.ಯ ಸಣ್ಣ ಕಾರು, ಎರಡೂ 60ರಲ್ಲಿ ಎದುರಾಬದುರಾ ಗುದ್ದಿ ಅಂಟಿಕೊಂಡವು ಅಂತ ಇಟ್ಟುಕೊಳ್ಳಿ. ಎರಡೂ ಸೇರಿ ಎಸ್‌ಯುವಿ ಹೋಗುತ್ತಿದ್ದ ದಿಕ್ಕಿಗೇ 20ರಲ್ಲಿ ಸಾಗುತ್ತವೆ. ದೊಡ್ಡದರಲ್ಲಿ ಇದ್ದವರ ವೇಗ 40 ಬದಲಾಯಿತು, ಸಣ್ಣದರಲ್ಲಿ ಇದ್ದವರದ್ದು 80. ಮರದ ಲೆಕ್ಕದಲ್ಲಿ ಹೇಳುವುದಾದರೆ ಇವರು ಆರು ಮೀಟರಿಂದ ಬಿದ್ದರು, ಅವರು ಇಪ್ಪತ್ತೈದು ಮೀಟರಿಂದ. ಕೊಂಡ ಸುರಕ್ಷತೆ ಪೂರ್ತಿ ಶೋರೂಮಿನಿಂದ ಬಂದದ್ದಲ್ಲ, ಅದರಲ್ಲಿ ಒಂದು ಪಾಲು ಎದುರಿಗೆ ಬಂದವನ ಕಿಸೆಯಿಂದ ತೆಗೆದದ್ದು. ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಇದು ಕಾಣುವುದಿಲ್ಲ, ಯಾಕೆಂದರೆ ಅಲ್ಲಿ ಎದುರಿಗಿರುವುದು ತಡೆಗೋಡೆ. ಭಾರತ್ ಎನ್‌ಕ್ಯಾಪ್ ಕೊಡುವ ನಕ್ಷತ್ರ ಎರಡು ಬಗೆ, ಕಾರಿನ ಒಳಗಿನ ದೊಡ್ಡವರಿಗೆ ಒಂದು, ಒಳಗಿನ ಮಕ್ಕಳಿಗೆ ಒಂದು. ಹೊರಗಿನವರಿಗೆ ಅಂತ ನಕ್ಷತ್ರ ಇಲ್ಲ.

ಹೊರಗಿನವರು ಯಾರು? ಕೇಂದ್ರ ಸಾರಿಗೆ ಇಲಾಖೆಯ ಲೆಕ್ಕದಲ್ಲಿ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅದರಲ್ಲಿ 44.5 ಶೇಕಡಾ ದ್ವಿಚಕ್ರದವರು, 19.5 ಶೇಕಡಾ ನಡೆಯುವವರು. ಕಾರು, ಟ್ಯಾಕ್ಸಿ, ವ್ಯಾನಿನ ಒಳಗಿದ್ದವರು ಸುಮಾರು ಎಂಟರಲ್ಲಿ ಒಬ್ಬರು. ಎಂಟರಲ್ಲಿ ಒಬ್ಬರಿಗಾಗಿ ಇಷ್ಟೆಲ್ಲ ವಿಜ್ಞಾನ, ಜಾಹೀರಾತು, ಯೂಟ್ಯೂಬ್ ರಿವ್ಯೂ.

ನಮ್ಮ ಕಡೆ ಅವರನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಬೆಳಿಗ್ಗೆ ಏಳು ಗಂಟೆಗೆ ಕಾಸರಕೋಡು ಟೊಂಕದಿಂದ ಮೀನು ಬುಟ್ಟಿ ಹೊತ್ತು ಬರುವ ಹೆಂಗಸರು, ಹಳದೀಪುರದಲ್ಲಿ ಟೆಂಪೋ ಇಳಿದು ಆಚೆ ದಾಟುವ ಕಾಲೇಜು ಹುಡುಗಿಯರು, ಕರ್ಕಿಯಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡ ಟಿವಿಎಸ್, ಶಿರಾಲಿಯಲ್ಲಿ ನಮಾಜಿಗೆ ಹೊರಟ ಅಜ್ಜ. ರಸ್ತೆ ಎರಡು ಲೇನ್ ಇದ್ದಾಗ ಅದು ಊರಿನ ಒಳಗೆ ಇತ್ತು. ನಾಲ್ಕು ಲೇನ್ ಆದ ಮೇಲೆ ಊರು ಎರಡಾಯಿತು. ಶಾಲೆ ಈಚೆ, ದೇವಸ್ಥಾನ ಆಚೆ, ಗದ್ದೆ ಈಚೆ, ಅಂಗಡಿ ಆಚೆ. ಡಿವೈಡರ್ ತೆರೆದಿರುವ ಜಾಗಕ್ಕೆ ಹೋಗಿ ತಿರುಗಿ ಬರಬೇಕು ಅಂದರೆ ಒಂದು ಕಟ್ಟು ಬೀಡಿಗೆ ಒಂದೂವರೆ ಎರಡು ಕಿ.ಮೀ. ಸುತ್ತು. ಹಾಗಾಗಿ ಬೈಕಿನವನು ರಾಂಗ್ ಸೈಡಲ್ಲಿ ಬರುತ್ತಾನೆ, ಅಜ್ಜಿ ಡಿವೈಡರ್ ಹತ್ತಿ ಇಳಿಯುತ್ತಾಳೆ. ಬೆಂಗಳೂರಿನ ಕಾರಿನವರು ಗ್ಲಾಸ್ ಇಳಿಸಿ ‘ಈ ಜನಕ್ಕೆ ಸೆನ್ಸೇ ಇಲ್ಲ’ ಅನ್ನುತ್ತಾರೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಐಟಿಯವರಾದ ನಮಗೆ ಬ್ಲೇಮ್‌ಲೆಸ್ ಪೋಸ್ಟ್‌ಮಾರ್ಟಮ್ ಅಂದರೆ ಬಹಳ ಹೆಮ್ಮೆ. ರಾತ್ರಿ ಎರಡು ಗಂಟೆಗೆ ಪ್ರೊಡಕ್ಷನ್ ಸರ್ವರ್ ಬಿದ್ದರೆ, ಬೆಳಿಗ್ಗೆ ಕೂತು ‘ತಪ್ಪು ಕಮಾಂಡ್ ಕೊಟ್ಟವನು ಯಾರು’ ಅಂತ ಕೇಳುವುದಿಲ್ಲ, ‘ಒಬ್ಬ ಮನುಷ್ಯ ಒಂದು ತಪ್ಪು ಕಮಾಂಡ್ ಕೊಟ್ಟರೆ ಎಲ್ಲಾ ಬೀಳುವ ಹಾಗೆ ಸಿಸ್ಟಮ್ ಯಾಕಿತ್ತು’ ಅಂತ ಕೇಳುತ್ತೇವೆ. ಸರ್ವರಿಗೆ ಇಷ್ಟು ಉದಾರಿಗಳಾದ ನಾವು ನಿಜವಾದ ಪೋಸ್ಟ್‌ಮಾರ್ಟಮ್ ಆಗುವ ಕಡೆ ಮಾತ್ರ ‘ತಪ್ಪು ಅವಳದ್ದೇ’ ಅಂತ ಟಿಕೆಟ್ ಕ್ಲೋಸ್ ಮಾಡಿಬಿಡುತ್ತೇವೆ. ಐಐಟಿ ದೆಹಲಿಯ ದಿನೇಶ್ ಮೋಹನ್ 2021ರಲ್ಲಿ ಕೋವಿಡ್‌ನಿಂದ ತೀರಿಕೊಳ್ಳುವವರೆಗೂ ದಶಕಗಳ ಕಾಲ ಹೇಳುತ್ತಾ ಬಂದದ್ದು ಇದನ್ನೇ: ಜನರಿಗೆ ಉಪದೇಶ ಮಾಡುವುದಕ್ಕಿಂತ ರಸ್ತೆ, ವಾಹನಗಳನ್ನು ತಿದ್ದಿ. ಬಯೋಮೆಕಾನಿಕ್ಸ್ ಓದಿ ಬಂದ ಮನುಷ್ಯ ಅವರು. ಮೈಗೆ ಎಷ್ಟು ತಡೆಯುವ ಶಕ್ತಿ ಅಂತ ಗೊತ್ತಿದ್ದವರಿಗೆ ಉಪದೇಶದ ಮೇಲೆ ನಂಬಿಕೆ ಉಳಿಯುವುದು ಕಷ್ಟ. ಸ್ವೀಡನ್ 1997ರಲ್ಲಿ ಇದನ್ನೇ ನೀತಿಯಾಗಿ ಪಾರ್ಲಿಮೆಂಟಿನಲ್ಲಿ ಒಪ್ಪಿತು. ಮನುಷ್ಯ ತಪ್ಪು ಮಾಡಿಯೇ ಮಾಡುತ್ತಾನೆ, ಆ ತಪ್ಪಿಗೆ ಸಾವು ಶಿಕ್ಷೆಯಾಗಬಾರದು. ಹಾಗಾಗಿ ನಡೆಯುವವರೂ ಕಾರೂ ಬೆರೆಯುವ ಕಡೆ ವೇಗ 30. ಆ ಸಂಖ್ಯೆ ಬಂದದ್ದು ಎಂಜಿನಿನ ಶಕ್ತಿಯಿಂದಲ್ಲ, ನಮ್ಮ ಮೂಳೆಯ ಶಕ್ತಿಯಿಂದ. 30 ಅಂದರೆ ಮೂರೂವರೆ ಮೀಟರ್, ಮಾವಿನಮರದ ಕೆಳಗಿನ ಕೊಂಬೆ. ಬಿದ್ದು ಎದ್ದವರು ಎಲ್ಲ ಮನೆಯಲ್ಲೂ ಇದ್ದಾರೆ. ಕಾರು ಗುದ್ದುವ ವೇಗ 50ರಿಂದ 65ಕ್ಕೆ ಏರಿದರೆ ನಡೆಯುವವರು ಸಾಯುವ ಸಂಭವ ನಾಲ್ಕೂವರೆ ಪಟ್ಟು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಡಿಕ್ಕಿ ಆದ ಮೇಲಿನದ್ದು ಇನ್ನೊಂದು ಕಥೆ. ಭಟ್ಕಳದಿಂದ ಮಣಿಪಾಲಕ್ಕೆ ಸುಮಾರು ತೊಂಬತ್ತು ಕಿ.ಮೀ., ಕುಮಟಾದಿಂದ ನೂರೈವತ್ತರ ಹತ್ತಿರ. ತಲೆಗೆ ದೊಡ್ಡ ಪೆಟ್ಟಾದರೆ ಹೋಗಬೇಕಾದದ್ದು ಅಲ್ಲಿಗೆ, ಇಲ್ಲಾ ಮಂಗಳೂರು, ಹುಬ್ಬಳ್ಳಿ, ಗೋವಾ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಹೊತ್ತು ಹೊರಟ ಆಂಬುಲೆನ್ಸೇ ಭಟ್ಕಳ ದಾಟಿ ಬೈಂದೂರು ತಾಲೂಕಿನ ಶಿರೂರು ಟೋಲ್ ಗೇಟಿನಲ್ಲಿ ಮಗುಚಿ ನಾಲ್ಕು ಜನ ಹೋದರು. ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕು ಅನ್ನುವ ಕೂಗು ಆಮೇಲೆ ಜೋರಾಯಿತು. ಫೈವ್ ಸ್ಟಾರ್ ಕಾರಿನವರಿಗೂ ಆ ನೂರೈವತ್ತು ಕಿ.ಮೀ. ತಪ್ಪುವುದಿಲ್ಲ ಅನ್ನುವುದನ್ನು ಬ್ರೋಷರಿನಲ್ಲಿ ಹಾಕುವುದಿಲ್ಲ.

ಇಷ್ಟೆಲ್ಲ ಓದಿದ ಮೇಲೆ ನನಗೆ ಜಗಲಿ ಮೇಲಿನ ಆ ಮಾತು ಬೇರೆ ಥರ ಕೇಳಿಸೋಕೆ ಶುರುವಾಯಿತು. ‘ಹಣೇಲಿ ಬರ್ದದ್ದು’ ಅನ್ನುವುದನ್ನು ನಾವು ಓದಿದವರು ಮೂಢನಂಬಿಕೆ ಅಂತ ಪಕ್ಕಕ್ಕಿಡುತ್ತೇವೆ. ಕಾರಿನ ಒಳಗಿರುವವನು ಅದನ್ನು ಹೇಳಿದರೆ ಅದು ನಿಜಕ್ಕೂ ಸೋಮಾರಿತನ. 2022ರ ಸೆಪ್ಟೆಂಬರಿನಲ್ಲಿ ಸೈರಸ್ ಮಿಸ್ತ್ರಿ ಹಿಂದಿನ ಸೀಟಿನಲ್ಲಿ ಬೆಲ್ಟ್ ಇಲ್ಲದೆ ತೀರಿಕೊಂಡಾಗ ದೇಶವೇ ಅದನ್ನು ಚರ್ಚಿಸಿತು. ಆದರೆ ಬುಟ್ಟಿ ಹೊತ್ತು ರಸ್ತೆ ದಾಟುವವಳು ಅದನ್ನು ಹೇಳಿದರೆ? ಅವಳಿಗೆ ಬಾನೆಟ್ ಇಲ್ಲ, ಬೆಲ್ಟ್ ಇಲ್ಲ, ಬಲೂನಿಲ್ಲ. ಅವಳಿಗೆ ನಿಲ್ಲೋಕೆ ಬೇಕಾದ ಜಾಗ ಅವಳ ಕೈಯಲ್ಲಿ ಇಲ್ಲವೇ ಇಲ್ಲ. ರಸ್ತೆ ಗೆರೆ ಎಳೆದ ಎಂಜಿನಿಯರ್, ಅಂಡರ್‌ಪಾಸ್ ಬೇಡ ಅಂತ ಖರ್ಚು ಉಳಿಸಿದ ಕಡತ, ಆ ಹೊತ್ತಿಗೆ ಅಲ್ಲಿ ಹಾಯುವ ನಮ್ಮ ಬಲಗಾಲು, ಇವರೆಲ್ಲ ಸೇರಿ ಬರೆದದ್ದೇ ಅವಳ ಪಾಲಿನ ಹಣೆಬರಹ. ಅವಳ ಸ್ಥಿತಿಯನ್ನು ಅದಕ್ಕಿಂತ ಸರಿಯಾಗಿ ಹೇಳೋಕೆ ನನಗಂತೂ ಬರುವುದಿಲ್ಲ. ತನ್ನ ಜೀವ ಬೇರೆಯವರ ಕೈಯಲ್ಲಿದೆ ಅಂತ ಅವಳಿಗೆ ಗೊತ್ತು. ಆ ಬೇರೆಯವರು ನಾವು ಅಂತ ನಮಗೆ ಗೊತ್ತಿಲ್ಲ, ಅಷ್ಟೇ ವ್ಯತ್ಯಾಸ.

‘ಹಾಗಾದರೆ ಮಕ್ಕಳನ್ನು ಕೂರಿಸಿಕೊಂಡು ತಗಡಿನ ಡಬ್ಬದಲ್ಲಿ ಓಡಾಡಲಾ?’ ಅಂತ ನೀವು ಕೇಳಬಹುದು. ಖಂಡಿತ ಬೇಡ. ನನ್ನ ಕಾರಿನ ಹಿಂದಿನ ಸೀಟಿನಲ್ಲೂ ಚೈಲ್ಡ್ ಸೀಟ್ ಇದೆ. ಒಳ್ಳೆ ಕಾರು ಕೊಳ್ಳುವುದರಲ್ಲಿ ಅನ್ಯಾಯ ಇಲ್ಲ. ಆ ಕಾರು ಕೊಟ್ಟ ಧೈರ್ಯವನ್ನು ಎಲ್ಲಿ ಖರ್ಚು ಮಾಡುತ್ತೇವೆ ಅನ್ನುವುದರಲ್ಲಿ ಇದೆ. ಸುರಕ್ಷಿತ ಕಾರಿನಲ್ಲಿ ನೂರು ಎಂಬತ್ತರ ಥರ ಅನ್ನಿಸುತ್ತದೆ. ಹೊರಗಿನವಳಿಗೆ ಅದು ನೂರೇ.

ಭಟ್ಕಳದಿಂದ ಕುಮಟಾಕ್ಕೆ ಸುಮಾರು ಅರವತ್ತು ಕಿ.ಮೀ. ಅದರಲ್ಲಿ ಶಿರಾಲಿ, ಮಂಕಿ, ಹೊನ್ನಾವರ, ಕರ್ಕಿ, ಹಳದೀಪುರ ಹೀಗೆ ಊರು ತಾಗುವ ಭಾಗ ಎಲ್ಲ ಸೇರಿಸಿ ಹದಿನೈದು ಕಿ.ಮೀ. ಅಂತ ಹಿಡಿಯೋಣ. ಅಷ್ಟನ್ನು 90ರಲ್ಲಿ ದಾಟಿದರೆ ಹತ್ತು ನಿಮಿಷ, 50ರಲ್ಲಿ ದಾಟಿದರೆ ಹದಿನೆಂಟು. ವ್ಯತ್ಯಾಸ ಎಂಟು ನಿಮಿಷ. ಒಂದು ಚಹಾ, ಒಂದು ಬನ್ಸು. 90ರ ಕಾರು 32 ಮೀಟರಿನ ಬೀಳು, 50ರದ್ದು ಹತ್ತಕ್ಕೂ ಒಳಗೆ. ಹತ್ತು ಮೀಟರೂ ಸಣ್ಣದಲ್ಲ. ಆದರೆ 50ರಲ್ಲಿ ಬರುವವನಿಗೆ ಬ್ರೇಕ್ ಒತ್ತಿ ಗುದ್ದುವ ಹೊತ್ತಿಗೆ ಅದನ್ನು ಮಾವಿನಕೊಂಬೆಗೆ ಇಳಿಸೋಕೆ ಸಮಯ ಸಿಗುತ್ತದೆ. ಕಾರಿನ ಒಳಗಿನವರಿಗೆ ಅರ್ಧ ಮೀಟರ್ ಕೊಡಿಸೋಕೆ ಜಗತ್ತು ಎಂಬತ್ತು ವರ್ಷ ಕೆಲಸ ಮಾಡಿದೆ. ಹೊರಗಿನವರಿಗೆ ಅದೇ ಜಾಗವನ್ನು ಕೊಡೋಕೆ ನನ್ನ ಹತ್ತಿರ ಇರುವುದು ಈ ಎಂಟು ನಿಮಿಷ. ಹಿಂದೆ ಬರುವ ಬಸ್ಸು ಹಾರ್ನ್ ಹೊಡೆಯುತ್ತದೆ, ಹೆಂಡತಿ ‘ಎಂತಕ್ಕೆ ಇಷ್ಟು ನಿಧಾನ’ ಅನ್ನುತ್ತಾಳೆ. ಹೊಡೆಯಲಿ, ಅನ್ನಲಿ.

ನಮ್ಮ ಕಡೆ ರಸ್ತೆ ದಾಟುವವರ ಒಂದು ಅಭ್ಯಾಸ ಇದೆ, ಮುಂದಿನ ಸಲ ಹೋದಾಗ ಗಮನಿಸಿ. ಓಡುವುದಿಲ್ಲ, ಆಚೆ ಈಚೆ ಹೆಚ್ಚು ನೋಡುವುದೂ ಇಲ್ಲ. ಒಂದು ಕೈ ಬುಟ್ಟಿಗೆ, ಇನ್ನೊಂದು ಕೈಯನ್ನು ಎದೆ ಎತ್ತರಕ್ಕೆ ಎತ್ತಿ, ಅಂಗೈ ನಮ್ಮ ಕಡೆ ಮಾಡಿ ಇಳಿದುಬಿಡುತ್ತಾರೆ.